ಉತ್ತರ ಬದಿಯ ಮೂವತ್ತೆರಡು ಮೆಟ್ಟಿಲು

ನಮ್ಮೂರ ಹೊಂಡದ ಉತ್ತರ ಬದಿಗೆ ಇದ್ದದ್ದು ಇಪ್ಪತ್ನಾಲ್ಕು ಮೆಟ್ಟಿಲಲ್ಲ, ಮೂವತ್ತೆರಡು. ಇಪ್ಪತ್ನಾಲ್ಕು ಎಂದು ನಕ್ಷೆಯಲ್ಲಿ ಬರೆದವನು ನಾನು. ಅರಿಯದೆ ಬರೆದದ್ದಲ್ಲ. ಒಂದೊಂದನ್ನೂ ಅಳೆದು, ಮೂವತ್ತೆರಡೆಂದು ನನ್ನ ವಹಿಯಲ್ಲಿ ಗುರುತು ಹಾಕಿಕೊಂಡು, ಅದರ ಮೇಲೆ ತಾರೀಖು ಬರೆದು, ಆಮೇಲೆ ನಕ್ಷೆಯಲ್ಲಿ ಇಪ್ಪತ್ನಾಲ್ಕು ಗೆರೆ ಎಳೆದೆ.

ಶಾಂತವ್ವ, ಈ ಬರಹ ನಿಮಗೆ. ಇಷ್ಟು ವರ್ಷ ನಿಮ್ಮನ್ನು 'ನೀ' ಎಂದೇ ಕರೆದಿದ್ದೇನೆ. ನಿಮ್ಮ ಅತ್ತೆ ಹೊನ್ನವ್ವ ನನಗಿಂತ ಹತ್ತು ವರ್ಷ ದೊಡ್ಡವಳು, ಅವಳನ್ನೂ 'ನೀ' ಎಂದೇ ಕರೆದೆ. ಅವಳು ಮಾತ್ರ ಕೊನೆಯವರೆಗೂ ನನಗೆ 'ರಿ' ಹಚ್ಚಿ ಮಾತಾಡಿದಳು. ಅದನ್ನೂ ಅಳೆದವನಲ್ಲ ನಾನು. ಇದನ್ನು ಓದುವ ಉಳಿದವರಿಗೆ ನಮ್ಮ ಊರಾಗಲಿ ಹೊಂಡವಾಗಲಿ ಗೊತ್ತಿರಲಾರದು, ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಮತ್ತೆ ಹೇಳಬೇಕಾಗುತ್ತದೆ — ಸಹಿಸಿಕೊಳ್ಳಬೇಕು.

ನನ್ನ ಹೆಸರು ಗದಿಗೆಪ್ಪ. ಊರು ತಿಳವಳ್ಳಿಯ ಮಗ್ಗುಲಲ್ಲಿದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ, ಗೌಂಡಿ ಕೆಲಸ ಕಲಿತೆ, ಹಾನಗಲ್ಲ ತಾಲೂಕಿನ ಊರೂರುಗಳಲ್ಲಿ ಗೋಡೆ ಕಟ್ಟಿದೆ. ಹಗಲು ಕಟ್ಟುವುದು, ಸಂಜೆ ಓದುವುದು. ಹಾನಗಲ್ಲಿನ ಗ್ರಂಥಾಲಯದಲ್ಲಿ ನನಗೊಂದು ಕುರ್ಚಿ ಖಾಯಂ ಆಗಿತ್ತು. ಆಡೂರಿನ ಶಾಸನಗಳನ್ನು ನೋಡಲು ಸೈಕಲ್ಲಿನ ಮೇಲೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅಕ್ಷರಗಳ ಮೇಲೆ ಬೆರಳಾಡಿಸಿಯೇ ಹಳೆಯ ಲಿಪಿ ಕಲಿತೆ. ಯಾರೂ ಕಲಿಸಲಿಲ್ಲವಾದ್ದರಿಂದ ಯಾರಿಗೂ ಋಣಿಯಲ್ಲ ಎಂಬ ಒಂದು ಗರ್ವ ಬಹಳ ಮುಂಚೆಯೇ ಬೇರುಬಿಟ್ಟಿತ್ತು. ಹೇಳಿದ್ದನ್ನು ನಂಬದಿರುವುದೇ ನನ್ನ ವಿದ್ಯೆಯೆಂದು ತಿಳಿದಿದ್ದೆ. ಗೋಡೆಯನ್ನು ಓದಲು ಬರುತ್ತಿತ್ತು — ಯಾವ ಕಲ್ಲು ಮೊದಲು ಕೂತದ್ದು, ಯಾವುದನ್ನು ಆಮೇಲೆ ತುರುಕಿದ್ದು, ಸುಣ್ಣ ಯಾವ ಕಾಲದ್ದು. ಮನುಷ್ಯರ ಮಾತನ್ನು ಓದುವ ಅಗತ್ಯ ಕಂಡಿರಲಿಲ್ಲ.

ಹೊಂಡದ ಬಗ್ಗೆ ಊರಿನಲ್ಲಿ ಒಂದೇ ಕತೆ. ವಾಡೇದವರು, ಅಂದರೆ ದೊಡ್ಡ ಮನೆಯವರು, ತಮ್ಮ ಪೂರ್ವಜರ ಕನಸಿನಲ್ಲಿ ದೇವಿ ಬಂದು ಹೇಳಿದ್ದಕ್ಕೆ ಅದನ್ನು ತೋಡಿಸಿದರಂತೆ. ಪೂರ್ವ ಬದಿಯ ಗೋಡೆಯಲ್ಲಿ ಅವರ ಹೆಸರಿನ ಕಲ್ಲೂ ಇದೆ. ಆ ಕಲ್ಲಿನ ಸುತ್ತಲಿನ ಸುಣ್ಣವನ್ನು ಉಗುರಿನಿಂದ ಕೆರೆದು ನೋಡಿದವನು ನಾನು. ಗೋಡೆಯನ್ನು ಕೊರೆದು, ಕಲ್ಲನ್ನು ಆಮೇಲೆ ಕೂರಿಸಿದ್ದು ಸ್ಪಷ್ಟವಿತ್ತು. ಇದನ್ನು ಊರ ಸಭೆಯಲ್ಲಿ ನಾಲ್ಕು ಜನರ ಮುಂದೆ ಹೇಳಿದೆ. ವಾಡೇದವರು ಅಂದಿನಿಂದ ನನ್ನ ಸಂಗಡ ಮಾತು ಬಿಟ್ಟರು. ನನಗೆ ಅದು ಬಹುಮಾನ ಬಂದ ಹಾಗೆ ಅನ್ನಿಸಿತ್ತು. ಆ ಒಂದು ವಿಷಯದಲ್ಲಿ ನಾನು ಸರಿಯಾಗಿದ್ದೆ. ಹಾಗೆ ಸರಿಯಾಗಿದ್ದುದೇ ಮುಂದೆ ನನ್ನನ್ನು ಕೆಡಿಸಿತು.

ಏಕೆಂದರೆ ಅವರ ಕತೆಯನ್ನು ಕೆಡವಿದ ಜಾಗದಲ್ಲಿ ನನ್ನದೊಂದನ್ನು ಕಟ್ಟಿದೆ. ಹೊಂಡ ಆಡೂರಿನ ಶಾಸನಗಳ ಕಾಲದ್ದು, ಅಂದರೆ ಸಾವಿರ ವರ್ಷಕ್ಕೂ ಹಳೆಯದು. ನಾಲ್ಕೂ ಬದಿ ಒಂದೇ ಅಳತೆ, ಒಂದೇ ಕೈ, ಒಂದೇ ಕಾಲದ ಕೆಲಸ. ಮೂವತ್ತು ವರ್ಷ ಇದನ್ನು ಹೇಳಿದೆ. ಉತ್ತರ ಬದಿಯನ್ನು ಅಷ್ಟೂ ವರ್ಷ ಯಾರೂ ಪೂರ್ತಿ ನೋಡಿರಲಿಲ್ಲ. ಊರಿಗೆ ನಲ್ಲಿ ಬಂದು ಬಳಕೆ ತಪ್ಪಿದ ಮೇಲೆ ಹೂಳು ಏರಿ, ಜಾಲಿ ಕಂಟಿ ಬೆಳೆದು, ಮೇಲಿನ ಐದಾರು ಮೆಟ್ಟಿಲು ಮಾತ್ರ, ಅವೂ ಅರ್ಧ ಮಣ್ಣಿನಲ್ಲಿ ಕಾಣುತ್ತಿದ್ದವು.

ಏಳು ವರ್ಷದ ಹಿಂದೆ ಶಿಗ್ಗಾಂವಿಯ ಕಾಲೇಜೊಂದರಲ್ಲಿ ಹತ್ತು ದಿನದ ಶಿಬಿರ ನಡೆಯಿತು. ವಾಸ್ತುಶಿಲ್ಪ ಮತ್ತು ಚರಿತ್ರೆ ಓದುವವರಿಗೆ ಸಂಶೋಧನೆಯ ವಿಧಾನ ಕಲಿಸುವುದೆಂದು ಪತ್ರಿಕೆಯಲ್ಲಿ ಬಂದಿತ್ತು. ವಯಸ್ಸಿನ ಮಿತಿ ಬರೆದಿರಲಿಲ್ಲ. ಅರವತ್ತೇಳನೆಯ ವಯಸ್ಸಿನಲ್ಲಿ, ಇಪ್ಪತ್ತರ ಹುಡುಗ ಹುಡುಗಿಯರ ನಡುವೆ, ಹಿಂದಿನ ಬೆಂಚಿನ ಮೇಲೆ ಹೋಗಿ ಕುಳಿತೆ. ಕಲಿಸಲು ಬಂದವರು ಸುಮಿತ್ರಾ ಎಂಬ ಪ್ರಾಧ್ಯಾಪಕಿ, ಮೈಸೂರು ಕಡೆಯವರು. ಮೊದಲ ದಿನ ಒಬ್ಬೊಬ್ಬರನ್ನೂ ಯಾಕೆ ಬಂದಿರೆಂದು ಕೇಳಿದರು. ನನ್ನ ಸರದಿ ಬಂದಾಗ ಎದ್ದು ನಿಂತು, "ನಾ ಯಾರ ಮಾತೂ ನಂಬಂಗಿಲ್ರಿ. ಅದಕ್ಕ ಬಂದೇನಿ," ಎಂದೆ.

"ನಿಮ್ಮ ಮಾತನ್ನ ನಂಬ್ತೀರಾ?" ಎಂದು ಕೇಳಿದರು ಅವರು.

ಹುಡುಗರು ನಕ್ಕರು. ನಾನೂ ನಕ್ಕೆ. ಬೆಂಚಿನ ಮೇಲೆ ಕೂತುಬಿಟ್ಟೆ.

ಅವರು ಕಲಿಸಿದ್ದು ಹೆಚ್ಚೇನಲ್ಲ ಎನ್ನಬಹುದು, ಆದರೆ ನಾನು ಅಷ್ಟು ವರ್ಷ ಒಬ್ಬನೇ ಕಲಿತದ್ದಕ್ಕಿಂತ ಅದು ಹೆಚ್ಚಿತ್ತು. ಮೂರು ವಹಿ ಇಟ್ಟುಕೊಳ್ಳಿ ಎಂದರು. ಒಂದರಲ್ಲಿ ಟೇಪು ಹೇಳಿದ್ದು. ಇನ್ನೊಂದರಲ್ಲಿ ಜನ ಹೇಳಿದ್ದು — ಅವರು ಹೇಳಿದ ಮಾತಿನಲ್ಲೇ, ತಿದ್ದದೆ, ಹೆಸರು ಸಮೇತ. ಮೂರನೆಯದರಲ್ಲಿ ನಿಮಗೆ ಅನ್ನಿಸಿದ್ದು. ಒಂದರದ್ದನ್ನು ಇನ್ನೊಂದರಲ್ಲಿ ಬರೆಯಬಾರದು. ವರದಿ ಬರೆಯುವಾಗ ಕೊನೆಗೆ ಒಂದು ಹಾಳೆ ಬಿಡಬೇಕು. ನಿಮ್ಮ ನಿರ್ಣಯಕ್ಕೆ ಎದುರಾಗಿ ಸಿಕ್ಕದ್ದನ್ನೆಲ್ಲ ಅಲ್ಲಿ ನೀವೇ ಬರೆಯಬೇಕು. ಅದನ್ನು ಅವರು ವಿರುದ್ಧ ಪುಟ ಎಂದು ಕರೆಯುತ್ತಿದ್ದರು. ಆ ಪುಟ ಖಾಲಿ ಇರುವ ವರದಿಯನ್ನು ತಾನು ಓದುವುದೇ ಇಲ್ಲ ಎಂದಿದ್ದರು.

ಇನ್ನೊಂದು ಪಾಠ ನೇರವಾಗಿ ನನಗೇ ಹೇಳಿದ್ದು. ಗೌಂಡಿಗಳು ಮೆಟ್ಟಿಲು ಎಣಿಸುವುದಿಲ್ಲ. ಒಂದು ಮೆಟ್ಟಿಲಿನ ಎತ್ತರ ಅಳೆದು, ಒಟ್ಟು ಎತ್ತರವನ್ನು ಅದರಿಂದ ಭಾಗಿಸಿಬಿಡುತ್ತೇವೆ. ಹದಿನೆಂಟು ಅಡಿ ಇಳಿವು, ಒಂಬತ್ತು ಇಂಚಿನ ಮೆಟ್ಟಿಲು, ಇಪ್ಪತ್ನಾಲ್ಕು — ಮುಗಿಯಿತು. ನಾವು ಹೊಸದಾಗಿ ಕಟ್ಟುವವರು. ಎಲ್ಲವೂ ಸಮ ಇರಬೇಕೆಂಬುದು ನಮ್ಮ ಧರ್ಮ. ಕಾಲೇಜಿನ ಪಾವಟಿಗೆಯನ್ನು, ಅಂದರೆ ಮೆಟ್ಟಿಲುಸಾಲನ್ನು, ನಾನು ಹಾಗೆ ಲೆಕ್ಕ ಹಾಕಿದ್ದನ್ನು ಕಂಡು ಅವರು, ಕಟ್ಟುವವನ ಲೆಕ್ಕ ಬೇರೆ, ಓದುವವನ ಲೆಕ್ಕ ಬೇರೆ, ಇದ್ದದ್ದನ್ನು ಓದಬೇಕಾದರೆ ಪ್ರತಿ ಮೆಟ್ಟಿಲನ್ನೂ ಅಳೆಯಬೇಕು ಎಂದರು. ಅಳೆದೆ. ಕಾಲೇಜಿನ ಪಾವಟಿಗೆಯಲ್ಲೇ ಒಂದಕ್ಕೊಂದು ಮುಕ್ಕಾಲು ಇಂಚಿನ ವ್ಯತ್ಯಾಸ ಇತ್ತು. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಖುಷಿ ಪಟ್ಟದ್ದು ಅದೇ ಕೊನೆಯ ಸಲವಿರಬೇಕು.

ಶಿಬಿರದ ಕೊನೆಯ ಕೆಲಸವಾಗಿ ನಮ್ಮೂರ ಹೊಂಡವನ್ನೇ ಆರಿಸಿಕೊಂಡರು. ನಾನು ಅಷ್ಟು ಹೇಳಿದ್ದೆನಲ್ಲ. ಹುಡುಗರು ಒಂದು ದಿನ ಬಂದು ಮೂರು ಬದಿ ಅಳೆದು ಹೋದರು. ಮೂರರಲ್ಲೂ ಇಪ್ಪತ್ನಾಲ್ಕು ಮೆಟ್ಟಿಲು. ಹೆಚ್ಚು ಕಡಿಮೆ ಒಂಬತ್ತು ಇಂಚು. ಉತ್ತರ ಬದಿ ಮಣ್ಣಿನಲ್ಲಿ ಮುಚ್ಚಿದ್ದರಿಂದ, ಊರಿನವನಾದ ನಾನು ಸಾವಕಾಶವಾಗಿ ಅಳೆದು ನಕ್ಷೆ ಕಳಿಸುವುದೆಂದು ಆಯಿತು. ಪ್ರಾಧ್ಯಾಪಕಿ ಹೊರಡುವಾಗ, ನೀವು ಕಳಿಸಿದ್ದನ್ನು ನಾನು ಮರು ಅಳೆಯುವುದಿಲ್ಲ ಎಂದು ಹೇಳಿ ಹೋದರು.

ಇಬ್ಬರು ಆಳುಗಳನ್ನು ಹಚ್ಚಿ ಹನ್ನೊಂದು ದಿನ ಕಂಟಿ ಕಡಿಸಿದೆ, ಹೂಳು ತೆಗೆಸಿದೆ. ಇಳಿಯುವಾಗ ಮೊದಲು ತಿಳಿದದ್ದು ಕಾಲಿಗೆ. ಉಳಿದ ಮೂರು ಬದಿಯಲ್ಲಿ ಇಳಿದು ಹತ್ತಿದರೆ ನನ್ನ ಮೊಣಕಾಲು ಎರಡು ದಿನ ನೋಯುತ್ತಿತ್ತು. ಇಲ್ಲಿ ನೋಯಲಿಲ್ಲ. ಟೇಪು ಇಟ್ಟೆ. ಆರೂವರೆ ಇಂಚು. ಏಳು. ಆರೂಮುಕ್ಕಾಲು. ತಳ ಮುಟ್ಟುವ ಹೊತ್ತಿಗೆ ಮೂವತ್ತೆರಡು. ಕಲ್ಲಿನ ಉಳಿಗುರುತು ಬೇರೆ, ಜಾತಿ ಬೇರೆ. ಕಲ್ಲಿಗೆ ಕಲ್ಲು ಕೂಡಿಸಿದ ರೀತಿ ಬೇರೆ ಕೈಯದ್ದು, ಈಚಿನದು. ತಳದಲ್ಲಿ, ನೀರು ನಿಲ್ಲುವ ಕಡೆ, ಆ ಬದಿಯನ್ನು ಉಳಿದ ಹೊಂಡದಿಂದ ಬೇರೆ ಮಾಡುವ ಹಾಗೆ ಒಂದು ಸಾಲು ಕಲ್ಲಿನ ಒಡ್ಡು. ಎಲ್ಲವನ್ನೂ ಮೊದಲನೆಯ ವಹಿಯಲ್ಲಿ ಬರೆದೆ.

ಮರುದಿನ ಕೆಳಗಿನ ಓಣಿಗೆ, ನಿಮ್ಮ ಮನೆಗೆ ಬಂದೆ. ನೀವು ಶಾಲೆಗೆ ಬಿಸಿಯೂಟದ ಅಡಿಗೆಗೆ ಹೋಗಿದ್ದಿರಿ. ಹೊನ್ನವ್ವ ಬಾಗಿಲಲ್ಲಿ, ಬುದ್ಧನ ಚಿತ್ರದ ಕೆಳಗೆ, ಮೊರದಲ್ಲಿ ಗೋವಿನಜೋಳ ಹಸನು ಮಾಡುತ್ತ ಕೂತಿದ್ದಳು. ಉತ್ತರ ಬದಿಯ ಮೆಟ್ಟಿಲು ಯಾಕೆ ಗಿಡ್ಡ ಎಂದು ಕೇಳಿದೆ. ಅವಳು ಮೊರ ಕೆಳಗಿಟ್ಟಳು.

"ಗದಿಗೆಪ್ಪಾರ, ಇಷ್ಟ ವರ್ಷ ಹೊಂಡದ ಮ್ಯಾಲ ಭಾಷಣಾ ಮಾಡಿದ್ರಿ. ಇದನ್ನ ಕೇಳಾಕ ಇವತ್ತ ಬಂದ್ರೇನ್ರಿ?" ಎಂದು ನಕ್ಕಳು.

ಅವಳು ಹೇಳಿದ್ದನ್ನು ಎರಡನೆಯ ವಹಿಯಲ್ಲಿ ಬರೆದುಕೊಂಡೆ. ಅವಳ ಗಂಡನ ಅಜ್ಜ ಮತ್ತು ಅವನ ಜೊತೆಯ ಮೂರು ಮನೆಯವರು ಕಲ್ಲು ಒಡೆಯುವವರು. ಹೊಂಡದಲ್ಲಿ ಹೂಳು ತುಂಬಿ ನೀರು ಕೆಟ್ಟ ವರ್ಷ ಊರವರು ಅವರನ್ನು ಕರೆದರು. ಅವರು ಕೂಲಿಗೆ ಕಾಳು ಬೇಡ ಎಂದರಂತೆ. ತಮಗೂ ಇಳಿಯಲು ಒಂದು ಬದಿ ಬೇಕು ಎಂದರಂತೆ. ಆವರೆಗೆ ಅವರಿಗೆ ಹೊಂಡದಲ್ಲಿ ಇಳಿಯುವಂತಿರಲಿಲ್ಲ. ದಂಡೆಯ ಮೇಲೆ ನಿಂತು, ಯಾರಾದರೂ ಕೊಡಕ್ಕೆ ಸುರಿಯುವ ತನಕ ಕಾಯಬೇಕಿತ್ತು. ಹಲವು ದಿನ ಮಾತು ನಡೆದು, ಬರಿ ಮಣ್ಣಿದ್ದ ಉತ್ತರದ ದಂಡೆಯನ್ನು ಕೊಟ್ಟರು, ನೀರಿನೊಳಗೆ ಒಡ್ಡು ಹಾಕಬೇಕೆಂಬ ಕರಾರಿನ ಮೇಲೆ. ನಾಲ್ಕು ಮನೆಯವರು ಮೆಟ್ಟಿಲು ಕಟ್ಟಿದರು. ಕೊಡ ಹೊತ್ತ ಹೆಂಗಸರು, ಬಸುರಿಯರು ಹತ್ತಬೇಕೆಂದು ಗಿಡ್ಡವಾಗಿ ಕಟ್ಟಿದರು. ಪ್ರತಿ ಕಲ್ಲಿಗೂ, ಗೋಡೆಯೊಳಗೆ ಹೋಗುವ ತುದಿಗೆ, ಅದನ್ನು ಕಡಿದ ಮನೆಯ ಗುರುತು ಹಾಕಿದರು. ಅವಳ ಮನೆಯದ್ದು ಎರಡು ಓರೆ ಗೀಟು, ನಡುವೆ ಒಂದು ಚುಕ್ಕಿ. ಹೊರಗೆ ಕಾಣುವ ಕಡೆ ಗುರುತು ಹಾಕಲು ಊರವರು ಬಿಡಲಿಲ್ಲ.

"ಅದು ನಮ್ಮದು ಅಂತ ಎಲ್ಲೂ ಬರದಿಲ್ಲ ನೋಡ್ರಿ. ನಮ್ಮ ಕಾಲಿಗೆ ಗೊತ್ತೈತಿ ಅಷ್ಟ," ಎಂದಳು. ನಾನು ಏಳುವಾಗ, "ಬರಕೊಂಡ್ರೇನ್ರಿ?" ಎಂದು ಕೇಳಿದಳು.

"ಬರಕೊಂಡೆ," ಎಂದೆ.

ಅವಳಿಗೆ ಓದಲು ಬರುತ್ತಿರಲಿಲ್ಲ. ವಹಿಯ ಪುಟವನ್ನು ತಿರುಗಿಸಿ ತೋರಿಸೆಂದಳು, ತೋರಿಸಿದೆ. ಅಕ್ಷರಗಳ ಮೇಲೆ ಅಂಗೈ ಇಟ್ಟಳು. ಆ ಪುಟದಲ್ಲಿ ಗೋವಿನಜೋಳದ ಧೂಳಿನ ಕಲೆ ಈಗಲೂ ಇದೆ.

ಮನೆಗೆ ಬಂದು ಮೂರು ವಹಿಗಳನ್ನೂ ಮುಂದೆ ಇಟ್ಟುಕೊಂಡು ಕುಳಿತೆ. ಟೇಪು ಹೇಳಿದ್ದಕ್ಕೂ ಹೊನ್ನವ್ವ ಹೇಳಿದ್ದಕ್ಕೂ ಒಂದು ಎಳೆಯಷ್ಟು ವ್ಯತ್ಯಾಸ ಇರಲಿಲ್ಲ. ಮೂರನೆಯ ವಹಿ ಮಾತ್ರ — ಅಲ್ಲಿ ನಾಲ್ಕೂ ಬದಿ ಒಂದೇ ಕೈಯದ್ದು. ಉತ್ತರ ಬದಿ ಈಚಿನದೆಂದು ಬರೆದರೆ ಹೊಂಡದ ಉಳಿದ ಭಾಗ ಹಳೆಯದಾಗಿಯೇ ಉಳಿಯುತ್ತಿತ್ತೋ ಏನೋ. ಆ ವಿಚಾರವನ್ನು ಅಂದು ಮಾಡಲೇ ಇಲ್ಲ. ನನಗೆ ಕಂಡದ್ದು ವಾಡೇದವರ ನಗು ಒಂದೇ. ಜೊತೆಗೆ ಸವಣೂರಿನಲ್ಲಿ ಒಂದು ವಿಚಾರಗೋಷ್ಠಿ ಗೊತ್ತಾಗಿತ್ತು. ಆಮಂತ್ರಣದಲ್ಲಿ ನನ್ನ ಹೆಸರಿನ ಹಿಂದೆ 'ಸಂಶೋಧಕರು' ಎಂದು ಅಚ್ಚಾಗಿತ್ತು. ಅಲ್ಲಿ ಓದುವ ಪ್ರಬಂಧದ ತಲೆಬರಹದಲ್ಲೇ 'ಸಮಚತುರಸ್ರ', ನಾಲ್ಕೂ ಬದಿ ಸಮ, ಎಂಬ ಪದ ಇತ್ತು.

ಹೊನ್ನವ್ವನ ಮಾತಿಗೆ ಪುರಾವೆ ಇಲ್ಲ ಎಂದುಕೊಂಡೆ. ಗುರುತು ಗೋಡೆಯೊಳಗಿದೆ ಎನ್ನುತ್ತಾಳೆ, ಕಲ್ಲು ಕೀಳದೆ ಹೇಗೆ ನೋಡಲಿ ಎಂದುಕೊಂಡೆ. ಆ ಕಾಲದಲ್ಲಿ ಊರವರು ಅವರಿಗೆ ಒಂದು ಬದಿ ಕೊಟ್ಟಿರಲು ಸಾಧ್ಯವೇ ಎಂದೂ ಕೇಳಿಕೊಂಡೆ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಕೇಳಿ, ವಿರುದ್ಧ ಪುಟದಲ್ಲಿ ಅವಳ ಹೆಸರು ಹಾಕಿ, ಹೀಗೆ ಹೇಳುತ್ತಾರೆ, ನನಗೆ ಅನುಮಾನವಿದೆ ಎಂದಾದರೂ ಬರೆಯಬಹುದಾಗಿತ್ತು. ವಾಡೇದವರ ಕನಸಿನ ಕತೆಯನ್ನು ಸುಳ್ಳೆಂದು ತೋರಿಸಲು ನಾಲ್ಕು ಪುಟ ಬರೆದವನು, ಇವಳ ಮಾತನ್ನು ಸುಳ್ಳೆನ್ನಲು ಸಹ ಒಂದು ಸಾಲು ಬರೆಯಲಿಲ್ಲ. ಅನುಮಾನಕ್ಕೂ ಒಂದು ಗೌರವ ಬೇಕಾಗುತ್ತದೆ; ಅದನ್ನು ಅವಳಿಗೆ ಕೊಡಲಿಲ್ಲ. ವಾಡೇದವರಲ್ಲಿ ಯಾರಾದರೂ ಹೇಳಿದ್ದರೆ ಬರೆಯುತ್ತಿದ್ದೆನೆ? ಬರೆಯುತ್ತಿದ್ದೆ. ಜಗಳವಾಡಲಿಕ್ಕಾದರೂ ಬರೆಯುತ್ತಿದ್ದೆ.

ನಕ್ಷೆಯಲ್ಲಿ ಇಪ್ಪತ್ನಾಲ್ಕು ಗೆರೆ ಎಳೆದೆ. ಒಡ್ಡನ್ನು ಬಿಟ್ಟೆ. ಎಂದಾದರೂ ಸಿಕ್ಕಿಬಿದ್ದರೆ ಗೌಂಡಿಯ ಹಳೆಯ ರೂಢಿ, ಬೇರೆ ಬದಿಯ ಒಂದನ್ನು ಅಳೆದು ಭಾಗಿಸಿಬಿಟ್ಟೆ ಎನ್ನಬಹುದಿತ್ತು. ಆ ನೆಪವನ್ನು ಗೆರೆ ಎಳೆಯುವ ಮೊದಲೇ ಸಿದ್ಧ ಮಾಡಿಕೊಂಡಿದ್ದೆ — ಇದನ್ನು ಬರೆಯುವುದು ಉಳಿದೆಲ್ಲದಕ್ಕಿಂತ ಕಷ್ಟವಾಗುತ್ತಿದೆ. ವಿರುದ್ಧ ಪುಟದಲ್ಲಿ ಎರಡೇ ಶಬ್ದ ಬರೆದೆ: ಏನೂ ಇಲ್ಲ.

ತೆಗೆದ ಹೂಳು ಮುಂದಿನ ಮಳೆಗಾಲಕ್ಕೆ ಮತ್ತೆ ಇಳಿದು ಮೆಟ್ಟಿಲು ಮುಚ್ಚಿಕೊಂಡವು. ಸವಣೂರಿನಲ್ಲಿ ಪ್ರಬಂಧ ಓದಿದೆ. ಚಪ್ಪಾಳೆ ಹೊಡೆದರು, ಶಾಲು ಹೊದಿಸಿದರು. ಬಸ್ಸಿನಲ್ಲಿ ವಾಪಸು ಬರುವಾಗ ಏನಾದರೂ ಅನ್ನಿಸೀತೆಂದು ಕಾದೆ. ಏನೂ ಅನ್ನಿಸಲಿಲ್ಲ. ಹಾನಗಲ್ಲಿನಲ್ಲಿ ಇಳಿದು ಚಹಾ ಕುಡಿದೆ.

ಎರಡು ವರ್ಷಕ್ಕೆ ಹೊಂಡದ ಜೀರ್ಣೋದ್ಧಾರ ಶುರುವಾಯಿತು. ಊರ ಸಮಿತಿ ನನ್ನ ನಕ್ಷೆಯನ್ನೇ ಆಧಾರ ಮಾಡಿಕೊಂಡಿತು. ಬೇರೆ ನಕ್ಷೆ ಇರಲಿಲ್ಲ. ಕೆಲಸ ಹಿಡಿದವನು ಹಿರೇಕೆರೂರಿನ ಒಬ್ಬ ಮಿಸ್ತ್ರಿ, ನಾಲ್ಕು ಮಾತಾಡುವ ಕಡೆ ಒಂದಾಡುವ ಮನುಷ್ಯ. ಉತ್ತರದ ಹೂಳು ತೆಗೆದ ದಿನ ನನಗೆ ಫೋನು ಮಾಡಿದ. ನಾನು ಆಗ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ.

"ಯಜಮಾನ್ರ, ನಿಮ್ಮ ನಕ್ಷೆದಾಗ ಇಪ್ಪತ್ನಾಕ ಅದಾವ್ರಿ. ಇಲ್ಲಿ ಮೂವತ್ತೆರಡ ಅದಾವು. ಗಿಡ್ಡ ಅದಾವು, ಆದ್ರ ಗಟ್ಟಿ ಕೂತಾವ್ರಿ, ಒಂದೂ ಅಳ್ಳಾಡಂಗಿಲ್ಲ. ಏನ್ ಮಾಡೂಣ್ರಿ?"

ಅವನು ಕಾದ. ಓದುಬರಹ ಹೆಚ್ಚಿಲ್ಲದ ಆ ಮನುಷ್ಯ ಇದ್ದದ್ದನ್ನು ಎಣಿಸಿ, ನಕ್ಷೆಯನ್ನು ಅನುಮಾನಿಸಿ, ಕೇಳಿದ್ದ. ನಾನು ಶಿಗ್ಗಾಂವಿಗೆ ಹೋಗಿ ಕಲಿತದ್ದನ್ನು ಅವನು ಕಲಿಯದೆಯೇ ಮಾಡಿದ್ದ. ಹಗ್ಗದ ಮೇಲೆ ಒದ್ದೆ ಧೋತರ ಹಾಕುತ್ತ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಹಿಡಿದುಕೊಂಡು ಹೇಳಿದೆ:

"ನಕ್ಷೆದಾಗ ಇದ್ದಂಗ ಮಾಡ್ರಿ."

"ಆಗ್ಲಿ ಬಿಡ್ರಿ," ಎಂದ. ಫೋನು ಇಟ್ಟ. ನಾನು ಉಳಿದ ಬಟ್ಟೆ ಹಾಕಿದೆ.

ಇಷ್ಟೇ. ನಕ್ಷೆಯಲ್ಲಿ ಮಾಡಿದ್ದು ಕಾಗದದ ಮೇಲಿನ ಸುಳ್ಳು; ಕಾಗದ ತಿದ್ದಬಹುದು. ಇದು ತಿದ್ದಲಾಗದ್ದು. ನಾಲ್ಕು ಮನೆಯ ಗಂಡಸರು ಕಡಿದು ಕೂಡಿಸಿದ್ದನ್ನು ಹಾರೆ ಹಾಕಿ ಎಬ್ಬಿಸಲು ಆರು ದಿನ ಹಿಡಿಯಿತಂತೆ. ಅಷ್ಟು ಗಟ್ಟಿಯಾಗಿತ್ತು. ಆ ಆರು ದಿನದಲ್ಲಿ ಯಾವಾಗ ಬೇಕಾದರೂ ನಾನು ನಡೆದು ಹೋಗಿ ನಿಲ್ಲಿಸೆನ್ನಬಹುದಿತ್ತು. ಹೊಂಡ ನಮ್ಮ ಮನೆಯಿಂದ ಒಂದು ಬೀಡಿ ಸೇದುವಷ್ಟು ದೂರ.

ಕೆಲಸ ಮುಗಿದ ಮೇಲೆ ಒಂದು ಬೆಳಿಗ್ಗೆ ಊರವರೆಲ್ಲ ಸೇರಿದ್ದರು. ಹೊಸ ಕಲ್ಲು, ನಾಲ್ಕೂ ಬದಿ ಸಮ, ನೋಡಲು ಚೆಂದ. ನಿಮ್ಮ ತೋಳು ಹಿಡಿದುಕೊಂಡು ಹೊನ್ನವ್ವ ಬಂದಳು, ನೀವು ಮರೆತಿರಲಾರಿರಿ. ಉತ್ತರದ ಅಂಚಿಗೆ ಬಂದು, ನಿಮ್ಮ ಕೈ ಬಿಟ್ಟು, ಒಂದು ಕಾಲು ಕೆಳಗಿಟ್ಟಳು. ಕಾಲು ಅವಳು ನೆನೆಸಿದ ಕಡೆ ನೆಲ ಸಿಗದೆ ಗಾಳಿಯಲ್ಲಿ ತುಸು ಹೊತ್ತು ಹುಡುಕಿತು. ಸಿಕ್ಕಿದಾಗ ಅವಳು ಅದರ ಮೇಲೆ ಭಾರ ಬಿಡಲಿಲ್ಲ. ಕಾಲನ್ನು ಮೇಲಕ್ಕೆ ತೆಗೆದುಕೊಂಡಳು.

"ಇವು ನಮ್ಮ ಮೆಟ್ಟಲ ಅಲ್ರಿ," ಎಂದಳು. ಯಾರಿಗೆಂದು ಅಲ್ಲ. ಆಮೇಲೆ ಜನರ ನಡುವೆ ನನ್ನನ್ನು ಕಂಡು, "ಬರಕೊಂಡಿದ್ರಲ್ರಿ ಗದಿಗೆಪ್ಪಾರ?" ಎಂದು ಕೇಳಿದಳು. ಅದರಲ್ಲಿ ಆರೋಪ ಇರಲಿಲ್ಲ. ನಾನು ಬರೆದಿದ್ದೇನೆಂದೂ, ಬರೆದದ್ದನ್ನು ಮೀರಿ ಬೇರೆ ಯಾರೋ ಹೀಗೆ ಮಾಡಿದ್ದಾರೆಂದೂ ಅವಳು ತಿಳಿದಿದ್ದಳು. ಹೂಂ ಎಂದು ತಲೆಯಾಡಿಸಿದೆ. ಅದು ಸುಳ್ಳೂ ಆಗಿರಲಿಲ್ಲ.

ಕಿತ್ತ ಕಲ್ಲುಗಳಲ್ಲಿ ಹೆಚ್ಚಿನವನ್ನು ಒಡೆದು ಹೊಸ ಮೆಟ್ಟಿಲಿನ ಬೆನ್ನಿಗೆ ತುಂಬಿದ್ದರು. ಉಳಿದ ನಾಲ್ಕನ್ನು ಮಿಸ್ತ್ರಿ ಟ್ರ್ಯಾಕ್ಟರಿನಲ್ಲಿ ಹೇರಿ ನನ್ನ ಹಿತ್ತಲಿಗೆ ತಂದು ಇಳಿಸಿದ. ಚಲೋ ಕಲ್ಲು, ಗೌಂಡಿ ಮನುಷ್ಯರಿಗೆ ಉಪಯೋಗಕ್ಕೆ ಬಂದಾವು ಎಂದು. ಇಳಿಸಿದ ಕಲ್ಲುಗಳ ಒಳತುದಿ ನನ್ನ ಕಡೆಗಿತ್ತು. ಮಣ್ಣು ಒರೆಸಿದೆ. ಎರಡರ ಮೇಲೆ ಬೇರೆ ಮನೆಗಳ ಗುರುತು. ಎರಡರ ಮೇಲೆ ಎರಡು ಓರೆ ಗೀಟು, ನಡುವೆ ಒಂದು ಚುಕ್ಕಿ.

ಪುರಾವೆ ಬೇಕೆಂದಿದ್ದೆನಲ್ಲ. ಪುರಾವೆ ಟ್ರ್ಯಾಕ್ಟರಿನಲ್ಲಿ ಮನೆಗೆ ಬಂತು. ಆಗಲೂ ಏನೂ ಅನ್ನಿಸಲಿಲ್ಲ. ಕೈಬೆರಳು ಮರಗಟ್ಟಿದಾಗ ಕಚ್ಚಿದರೂ ಬೇರೆ ಯಾರದೋ ಬೆರಳೆನ್ನಿಸುತ್ತದಲ್ಲ, ಹಾಗೆ. ನನ್ನ ಹಿತ್ತಲ ಬಾಗಿಲಿನ ಹಳೆಯ ಮೆಟ್ಟಿಲು ಎತ್ತರವಾಗಿ, ಮೊಣಕಾಲಿಗೆ ತ್ರಾಸಾಗಿತ್ತು. ವಾರದೊಳಗೆ ಅವನ್ನು ತೆಗೆದು ಈ ನಾಲ್ಕು ಕಲ್ಲುಗಳನ್ನು ನಾನೇ ಕೂರಿಸಿದೆ. ಗುರುತಿನ ತುದಿಯನ್ನು ಗೋಡೆಯ ಕಡೆಗೆ ಇಟ್ಟೆ — ಊರವರು ಅಂದು ಇಡಿಸಿದ ಹಾಗೆಯೇ.

ಮುಂದಿನ ವರ್ಷ ಹೊನ್ನವ್ವ ತೀರಿಕೊಂಡಳು. ಮಣ್ಣಿಗೆ ಬಂದಿದ್ದೆ. ಹಿಂದೆ ನಿಂತಿದ್ದೆ.

ಹೋದ ತಿಂಗಳು ನೀವು ಬಂದಿರಿ, ಶಾಂತವ್ವ. ಮುಂದಿನ ಬಾಗಿಲು ಹಾಕಿತ್ತೆಂದು ಹಿತ್ತಲಿಗೆ ಬಂದು, ನಾನು ಒಳಗೆ ಬಾ ಎನ್ನುವ ಮೊದಲೇ — ನಿಜ ಹೇಳಬೇಕೆಂದರೆ ನಾನು ಎನ್ನಲಿಲ್ಲ — ಆ ಮೆಟ್ಟಿಲ ಮೇಲೆಯೇ ಕುಳಿತಿರಿ. ಪಂಚಾಯಿತಿಯವರು ಹೊಂಡದ ಹತ್ತಿರ ಚರಿತ್ರೆಯ ಫಲಕ ಹಾಕುತ್ತಾರೆಂದು ಹೇಳಿದಿರಿ.

"ಕಾಕಾರ, ಬೋರ್ಡಿನ್ಯಾಗ ಒಂದ ಸಾಲ ಕೇಳೇವ್ರಿ. ಉತ್ತರದ ಬಾಜು ನಮ್ಮ ಮಂದಿ ಕಟ್ಟಿದ್ದು ಅಂತ. ಅವ್ರು, ಗದಿಗೆಪ್ಪಾರ ನಕ್ಷೆದಾಗ ಹಂಗೇನೂ ಇಲ್ಲ, ಪುರಾವೆ ತರ್ರಿ ಅಂದ್ರು. ನಮ್ಮತ್ತಿ ಹೇಳಿದ್ದನ್ನ ನೀವು ವಹಿದಾಗ ಬರಕೊಂಡಿದ್ರಂತಲ್ರಿ. ಆ ಹಾಳಿ ಇದ್ರ ಕೊಡ್ರಿ, ಝೆರಾಕ್ಸ್ ಮಾಡಿಸಿ ತಂದ ಕೊಡ್ತೇನಿ."

"ಆ ವಹಿಗೆ ಗೆದ್ದಲ ಹತ್ತಿ ಹೋತು," ಎಂದೆ.

ನೀವು ನನ್ನ ಮುಖ ನೋಡಿದಿರಿ. "ಗೆದ್ದಲಕ್ಕೂ ನಮ್ಮತ್ತಿ ಮಾತ ರುಚಿ ಹತ್ತೇತಿ ನೋಡ್ರಿ," ಎಂದು ನಕ್ಕಿರಿ. ನಂಬಿದಿರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಎದ್ದು, ಸೀರೆಯ ಧೂಳು ಕೊಡವಿಕೊಳ್ಳುತ್ತ, ಇಳಿಯುವಾಗ ಒಂದು ಗಳಿಗೆ ನಿಂತು ಕಾಲಕೆಳಗೆ ನೋಡಿದಿರಿ.

"ಈ ಮೆಟ್ಟಲ ಇಳ್ಯಾಕ ಚಲೋ ಅದಾವ್ರಿ ಕಾಕಾರ. ಮೊಣಕಾಲಿಗೆ ತ್ರಾಸ ಇಲ್ಲ."

ಹೋದಿರಿ. ವಹಿ ಒಳಗೆ ಟ್ರಂಕಿನಲ್ಲಿತ್ತು. ಒಂದು ಹುಳ ಮುಟ್ಟಿರಲಿಲ್ಲ.

ನೀವು ಹೋದ ಮೂರನೆಯ ದಿನ ಪ್ರಾಧ್ಯಾಪಕಿಗೆ ಪತ್ರ ಬರೆದೆ. ಮೊದಲಿನಿಂದ ಎಲ್ಲವನ್ನೂ ಬರೆದೆ. ಅವರ ಪತ್ರ ಹತ್ತು ದಿನಕ್ಕೆ ಬಂತು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ನನ್ನ ನಕ್ಷೆಯನ್ನು ತೋರಿಸುತ್ತಿದ್ದರಂತೆ. ಒಬ್ಬ ಗೌಂಡಿ ತನ್ನ ರೂಢಿ ಬಿಟ್ಟು ಪ್ರತಿ ಮೆಟ್ಟಿಲನ್ನೂ ಅಳೆದದ್ದಕ್ಕೆ ಉದಾಹರಣೆಯಾಗಿ. ಅದರ ಬಗ್ಗೆ ಅಷ್ಟೇ ಬರೆದಿದ್ದರು, ಬೈದಿರಲಿಲ್ಲ. ಕೊನೆಯಲ್ಲಿ ಒಂದು ಸಾಲು: ವಿರುದ್ಧ ಪುಟ ಇನ್ನೂ ಬಾಕಿ ಇದೆ, ತುಂಬಿ ಕಳಿಸಿ.

ಆ ಪುಟವೇ ಇದು. 'ಏನೂ ಇಲ್ಲ' ಎಂದಿದ್ದ ಕಡೆ ಇದನ್ನು ಸೇರಿಸಬೇಕೆಂದು ಅವರಿಗೆ ಬರೆದಿದ್ದೇನೆ. ಒಂದು ಪ್ರತಿ ಪಂಚಾಯಿತಿಗೆ, ಒಂದು ಸಮಿತಿಗೆ, ಒಂದು ಸವಣೂರಿನ ಗೋಷ್ಠಿ ನಡೆಸಿದವರಿಗೆ. ವಾಡೇದವರ ಮನೆಗೆ ನಾನೇ ಹೋಗಿ ಕೊಟ್ಟು ಬಂದೆ. ಅವರು ನಗಲಿಲ್ಲ, ಕೂಡ್ರಿ ಎಂದರು. ಕೂಡ್ರಲಿಲ್ಲ. ಫಲಕದಲ್ಲಿ ನೀವು ಕೇಳಿದ ಸಾಲು ಬರುತ್ತದೋ ಇಲ್ಲವೋ ನನ್ನ ಕೈಯಲ್ಲಿಲ್ಲ. ಬಂದರೂ ಅದು ಇಲ್ಲದ ಮೆಟ್ಟಿಲಿನ ಬಗ್ಗೆ ಬರೆದ ಸಾಲಾಗುತ್ತದೆ, ಮತ್ತು ಇಲ್ಲದಂತೆ ಮಾಡಿದವನು ನಾನು. ಇದನ್ನು ಬರೆದ ಮೇಲಾದರೂ ಮನಸ್ಸು ಹಗುರಾದೀತೆಂದು ಯಾರೋ ಹೇಳಿದರು. ಹಾಗೇನೂ ಆಗಿಲ್ಲ. ಆಗಬೇಕಾಗಿಯೂ ಇಲ್ಲ.

ನಿನ್ನೆ ಬೆಳಿಗ್ಗೆ ಹಾರೆ ತೆಗೆದುಕೊಂಡು ಹಿತ್ತಲ ಬಾಗಿಲಿನ ನಾಲ್ಕು ಕಲ್ಲುಗಳನ್ನು ಎಬ್ಬಿಸಿದೆ. ಯಾರನ್ನೂ ಕರೆಯಲಿಲ್ಲ. ಮಧ್ಯಾಹ್ನದವರೆಗೆ ಹಿಡಿಯಿತು. ತೊಳೆದು, ಗುರುತಿನ ತುದಿ ಎದುರಿಗೆ ಕಾಣುವ ಹಾಗೆ ಬೇವಿನ ಮರದ ಕೆಳಗೆ ಇಟ್ಟಿದ್ದೇನೆ. ಎರಡನೆಯ ವಹಿ ಅವುಗಳ ಮೇಲೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದೇನೆ. ಝೆರಾಕ್ಸ್ ಮಾಡಿಸಿ ತರುವುದು ಬೇಡ, ಅದು ನಿಮ್ಮದು. ಬಂದು ಒಯ್ಯಿರಿ, ಇಲ್ಲ, ಎಲ್ಲಿಗೆಂದು ಹೇಳಿ ಕಳಿಸಿದರೆ ಚಕ್ಕಡಿಯಲ್ಲಿ ಹೇರಿ ತಂದು ಇಳಿಸಿ ಹೋಗುತ್ತೇನೆ. ನನ್ನ ಸಂಗಡ ಮಾತಾಡಬೇಕಾಗಿಲ್ಲ.

ಒಂದು ಕಲ್ಲು ಆರೂವರೆ ಇಂಚು, ಒಂದು ಏಳು, ಎರಡು ಆರೂಮುಕ್ಕಾಲು. ನನ್ನ ಹಿತ್ತಲ ಬಾಗಿಲಿನಿಂದ ನೆಲಕ್ಕೆ ಈಗ ಇಪ್ಪತ್ತೇಳು ಇಂಚು. ಅಲ್ಲಿ ಬೇರೆ ಮೆಟ್ಟಿಲು ಇಡಿಸುವುದಿಲ್ಲ. ಇವತ್ತು ಮುಂಜಾನೆ ಮರೆತು ಕಾಲು ಕೆಳಗಿಟ್ಟೆ. ಕಾಲು ಗಾಳಿಯಲ್ಲಿ ಹುಡುಕಿತು.